ಶಾಲೆಯಲ್ಲಿ ಆಲಿಸುವವರು ಯಾರು?

2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ಹದಿನೈದು ಮಾರ್ಗಸೂಚಿಗಳನ್ನು ಹೊರಡಿಸಿತು. ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ತನಿಖೆಗೆ ಸಂಬಂಧಿಸಿದ ಮೊಕದ್ದಮೆ ಅದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಿಕೊಳ್ಳಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕವನ್ನು ಏರ್ಪಡಿಸಿಕೊಳ್ಳಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ಒಡೆಯುವುದನ್ನೂ ಎಲ್ಲರೆದುರು ಅವಮಾನಿಸುವುದನ್ನೂ ಕೈಬಿಡಬೇಕು. ಶಾಸನವೊಂದು ರೂಪುಗೊಳ್ಳುವವರೆಗೆ ಈ ಸೂಚನೆಗಳಿಗೇ ಕಾನೂನಿನ ಬಲವಿರುತ್ತದೆ ಎಂದು ನ್ಯಾಯಾಲಯ ಹೇಳಿತು.

ಪತ್ರಿಕೆಗಳು ಇದನ್ನು ಹೊಸ ಹೆಜ್ಜೆಯೆಂದು ಬರೆದವು. ನ್ಯಾಯಾಲಯದ ಮಟ್ಟಿಗೆ ಅದು ಹೊಸದೇ. ಆದರೆ ‘ಶಾಲೆಯಲ್ಲಿ ಮಕ್ಕಳ ಮನಸ್ಸಿನ ಮಾತನ್ನು ಕೇಳುವವರೊಬ್ಬರು ಇರಬೇಕು’ ಎಂಬ ಮಾತು ನಮ್ಮ ದೇಶದಲ್ಲಿ ಹುಟ್ಟಿ ಸುಮಾರು ತೊಂಬತ್ತು ವರ್ಷಗಳಾಗಿವೆ. ಅಂದಿನಿಂದ ಇಂದಿನವರೆಗೆ ಅದನ್ನು ತಜ್ಞರು ಹೇಳಿದ್ದಾರೆ, ಆಯೋಗಗಳು ಬರೆದಿವೆ, ಮಂಡಳಿಗಳು ಸುತ್ತೋಲೆಯಾಗಿ ಕಳಿಸಿವೆ. ಪ್ರತಿ ಸಲವೂ ಮಾತು ಉಳಿದಿದೆ, ಆಳು ಬಂದಿಲ್ಲ. ಏಕೆ ಹೀಗಾಯಿತು ಎಂಬುದನ್ನು ಆ ಇತಿಹಾಸದಲ್ಲೇ ಹುಡುಕುವುದು ನಮ್ಮ ಉದ್ದೇಶ.

ಮನಶ್ಶಾಸ್ತ್ರದ ಚಿಕಿತ್ಸಾಲಯವೆಂಬುದು ಜಗತ್ತಿನಲ್ಲಿ ಮೊದಲು ತೆರೆದದ್ದೇ ಶಾಲಾ ಬಾಲಕನೊಬ್ಬನ ನಿಮಿತ್ತವಾಗಿ. 1896ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೈಟ್ನರ್ ವಿಟ್ಮರ್ ಅವರ ಬಳಿಗೆ ಶಾಲಾ ಶಿಕ್ಷಕಿಯೊಬ್ಬರು ಹದಿನಾಲ್ಕು ವರ್ಷದ ಹುಡುಗನನ್ನು ಕರೆತಂದರು. ಉಳಿದ ವಿಷಯಗಳಲ್ಲಿ ಜಾಣನಾದ ಅವನಿಗೆ ಕಾಗುಣಿತ ಮಾತ್ರ ಹತ್ತುತ್ತಿರಲಿಲ್ಲ. ಹುಡುಗ ಸೋಮಾರಿಯೆಂಬ ತೀರ್ಪಿಗೆ ವಿಟ್ಮರ್ ಒಪ್ಪಲಿಲ್ಲ. ಪರೀಕ್ಷಿಸಿ ನೋಡಿದಾಗ ದೃಷ್ಟಿದೋಷವೂ ಇರುವುದು ತಿಳಿಯಿತು. ದೋಷವನ್ನು ಮಗುವಿನ ಸ್ವಭಾವಕ್ಕೆ ಅಂಟಿಸುವ ಮೊದಲು ಕಾರಣವನ್ನು ಹುಡುಕಬೇಕೆಂಬ ಸರಳ ನಿಯಮ ಅಲ್ಲಿಂದ ಆರಂಭವಾಯಿತು. 1909ರಲ್ಲಿ ಶಿಕಾಗೋದಲ್ಲಿ ವಿಲಿಯಂ ಹೀಲಿ ಅವರು ಬಾಲಾಪರಾಧಿಗಳ ಅಧ್ಯಯನಕ್ಕೆಂದು ಸಂಸ್ಥೆಯೊಂದನ್ನು ಕಟ್ಟಿದರು. 1920ರ ದಶಕದಲ್ಲಿ ಇದು ಮಕ್ಕಳ ಮಾರ್ಗದರ್ಶನ ಚಳವಳಿಯಾಗಿ ಹರಡಿತು. ಮನೋವೈದ್ಯ, ಮನಶ್ಶಾಸ್ತ್ರಜ್ಞ, ಸಮಾಜಕಾರ್ಯಕರ್ತ, ಈ ಮೂವರೂ ಒಂದೇ ಮಗುವಿನ ವಿಷಯವನ್ನು ಒಟ್ಟಿಗೆ ಕುಳಿತು ಚರ್ಚಿಸುವುದು ಅದರ ಪದ್ಧತಿ.

ಈ ಪದ್ಧತಿ ಭಾರತಕ್ಕೆ ಬಂದಿಳಿದದ್ದು ಮುಂಬಯಿಯಲ್ಲಿ. ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಷನರಿ ನಾಗಪಾಡಾದ ಕಾರ್ಮಿಕರ ವಸತಿಗಳ ನಡುವೆ 1926ರಲ್ಲಿ ನೆರೆಹೊರೆ ಕೇಂದ್ರವೊಂದನ್ನು ಆರಂಭಿಸಿದ್ದರು. ಅಲ್ಲಿಯೇ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಹುಟ್ಟಿತು. ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯೆಂದು ನಾವು ಕರೆಯುವುದು ಅದನ್ನೇ. ಮರುವರ್ಷ, 1937ರಲ್ಲಿ, ಆ ಶಾಲೆಯ ಆಶ್ರಯದಲ್ಲಿ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯ ತೆರೆಯಿತು. ದೇಶದಲ್ಲಿ ಈ ಬಗೆಯ ಮೊದಲ ಪ್ರಯತ್ನವೆಂದು ಅದನ್ನು ಗುರುತಿಸುತ್ತಾರೆ. ಮಗುವಿನ ಸಂಕಟಕ್ಕೆ ಹುಚ್ಚಾಸ್ಪತ್ರೆಯ ಹೊರಗೆ, ಬೀದಿ ಶಾಲೆಗಳಿಗೆ ಸಮೀಪದಲ್ಲಿ ಒಂದು ಸ್ಥಳವಿರಬಹುದೆಂಬುದನ್ನು ಅದು ತೋರಿಸಿತು. ಮನಶ್ಶಾಸ್ತ್ರವಾದರೋ ವಿಶ್ವವಿದ್ಯಾಲಯಗಳಿಗೆ ಇನ್ನೂ ಮೊದಲೇ ಬಂದಿತ್ತು. ಕಲ್ಕತ್ತೆಯಲ್ಲಿ 1916ರಲ್ಲಿ, ಮೈಸೂರಿನಲ್ಲಿ 1924ರಲ್ಲಿ ಅದಕ್ಕೊಂದು ವಿಭಾಗ ಸ್ಥಾಪನೆಯಾಗಿತ್ತು. ಮೈಸೂರಿನ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರನ್ನು ಕನ್ನಡಿಗರು ನೆನೆಯುವುದು 1935ರಲ್ಲಿ ಅವರು ತಮ್ಮ ಮನೆಯಿಂದ ಆರಂಭಿಸಿದ ‘ಆಕಾಶವಾಣಿ’ಗಾಗಿ. ಮನಸ್ಸನ್ನು ಓದುವ ಶಾಸ್ತ್ರವನ್ನು ಕಲಿಸುತ್ತಿದ್ದವರೇ ಊರಿಗೆಲ್ಲ ಕೇಳುವ ದನಿಯನ್ನೂ ಹುಟ್ಟಿಸಿದರು. ಆದರೆ ಅವರ ಶಾಸ್ತ್ರ ಕಾಲೇಜಿನ ಪ್ರಯೋಗಾಲಯದಿಂದ ಹಳ್ಳಿಯ ಮಿಡ್ಲ್ ಸ್ಕೂಲಿಗೆ ನಡೆದು ಹೋಗಲು ಹಲವು ದಶಕಗಳೇ ಬೇಕಾದವು.

ನಾಗಪಾಡಾದ ಚಿಕಿತ್ಸಾಲಯಕ್ಕೆ ಸಮೀಪದಲ್ಲೇ, ಅದೇ ಕಾಲದ ಮುಂಬಯಿಯಲ್ಲಿ, ಇನ್ನೊಂದು ಬಗೆಯ ಆರೈಕೆ ಯಾವ ಹೆಸರೂ ಇಲ್ಲದೆ ನಡೆದಿತ್ತು. ಅದನ್ನು ಮುಂಬಯಿ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ದಕ್ಷಿಣ ಕನ್ನಡದಿಂದ ಹನ್ನೆರಡು, ಹದಿಮೂರರ ಪ್ರಾಯದಲ್ಲಿ ಬಂದಿಳಿದ ಹುಡುಗರು ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಗಳಿಗೆ ಬರುತ್ತಿದ್ದರು. ಅಲ್ಲಿ ಪಾಠ ಹೇಳುತ್ತಿದ್ದವರಲ್ಲಿ ಹಲವರು ಸ್ವತಃ ಹಗಲು ಬೇರೆ ಕಡೆ ಕೆಲಸ ಮಾಡುವವರು, ಅದೇ ಕರಾವಳಿಯ ದಾರಿಯಲ್ಲಿ ಬಂದವರು. ತಾಯಿಯನ್ನು ಬಿಟ್ಟು ಬಂದ ಹುಡುಗನ ಮುಖ ನೋಡಿದೊಡನೆ ಅವನ ಊರನ್ನು ಕೇಳಬಲ್ಲವರು, ತುಳುವಿನಲ್ಲಿಯೋ ಕನ್ನಡದಲ್ಲಿಯೋ ಎರಡು ಮಾತಾಡಬಲ್ಲವರು. ಇದನ್ನು ಆಪ್ತಸಮಾಲೋಚನೆಯೆಂದು ಕರೆದು ವೈಭವೀಕರಿಸುವ ಅಗತ್ಯವಿಲ್ಲ. ಬಾಲದುಡಿಮೆಯ ಕ್ರೌರ್ಯವನ್ನು ರಾತ್ರಿಶಾಲೆ ತೊಡೆದುಹಾಕಲಿಲ್ಲ. ಆದರೂ ಕೇಳುವವರು ಮಗುವಿನ ಭಾಷೆಯನ್ನು ಬಲ್ಲವರಾಗಿದ್ದರು ಎಂಬ ಅಂಶ ಮುಂದೆ ನಮಗೆ ಬೇಕಾಗುತ್ತದೆ.

ಸ್ವಾತಂತ್ರ್ಯಾನಂತರ ಈ ವಿಚಾರ ಸರ್ಕಾರದ ಕಡತವನ್ನು ಸೇರಿತು. ಮದರಾಸು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ, ವೃತ್ತಿಯಿಂದ ವೈದ್ಯರಾದ ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ನೇತೃತ್ವದ ಮಾಧ್ಯಮಿಕ ಶಿಕ್ಷಣ ಆಯೋಗವು 1953ರ ವರದಿಯಲ್ಲಿ ಶಾಲೆಗಳಿಗೆ ಮಾರ್ಗದರ್ಶನ ಅಧಿಕಾರಿಗಳೂ ವೃತ್ತಿ ಮಾರ್ಗದರ್ಶಕ ಶಿಕ್ಷಕರೂ ಬೇಕೆಂದು ಶಿಫಾರಸು ಮಾಡಿತು. 1954ರಲ್ಲಿ ದೆಹಲಿಯಲ್ಲಿ ಶೈಕ್ಷಣಿಕ ಮತ್ತು ವೃತ್ತಿ ಮಾರ್ಗದರ್ಶನದ ಕೇಂದ್ರ ಕಾರ್ಯಾಲಯ ಸ್ಥಾಪನೆಯಾಯಿತು. 1961ರಲ್ಲಿ ಎನ್‌ಸಿಇಆರ್‌ಟಿ ಹುಟ್ಟಿದ ಮೇಲೆ ಈ ಕೆಲಸ ಅದರ ಪಾಲಿಗೆ ಬಂತು. ಡಿ. ಎಸ್. ಕೊಠಾರಿ ಅವರ ಶಿಕ್ಷಣ ಆಯೋಗ 1966ರಲ್ಲಿ ಇನ್ನೂ ಸ್ಪಷ್ಟವಾಗಿ ನುಡಿಯಿತು: ಮಾರ್ಗದರ್ಶನವು ಶಿಕ್ಷಣದ ಅವಿಭಾಜ್ಯ ಅಂಗ, ಅದು ಪ್ರಾಥಮಿಕ ಶಾಲೆಯ ಅತಿ ಕೆಳಗಿನ ತರಗತಿಯಿಂದಲೇ ಮೊದಲಾಗಬೇಕು, ಹತ್ತು ಪ್ರೌಢಶಾಲೆಗಳಿಗೆ ಒಬ್ಬರಂತೆಯಾದರೂ ಸಂಚಾರಿ ಸಮಾಲೋಚಕರು ಇರಬೇಕು.

ಹತ್ತು ಶಾಲೆಗಳಿಗೆ ಒಬ್ಬರು ಎಂಬುದು ಬಡ ದೇಶದ ಆಯೋಗವೊಂದು ಲೆಕ್ಕಹಾಕಿ ಕೇಳಿದ ಕನಿಷ್ಠ. ಆ ಕನಿಷ್ಠವೂ ದೇಶದ ಬಹುಪಾಲು ಶಾಲೆಗಳಿಗೆ ಒದಗಲಿಲ್ಲ. ಸರ್ಕಾರಿ ಕಛೇರಿಯ ರೀತಿ ನೀತಿಗಳನ್ನು ಬಲ್ಲವರಿಗೆ ಇದರ ಕಾರಣ ಗೂಢವೇನಲ್ಲ. ಶಿಫಾರಸು ಬೇರೆ, ಮಂಜೂರಾದ ಹುದ್ದೆ ಬೇರೆ. ಹುದ್ದೆಯೆಂದರೆ ವೇತನಶ್ರೇಣಿ, ನೇಮಕಾತಿ ನಿಯಮ, ಬಡ್ತಿಯ ದಾರಿ, ಆಯವ್ಯಯದಲ್ಲಿ ಒಂದು ಶೀರ್ಷಿಕೆ. ಇವಿಷ್ಟೂ ಇಲ್ಲದ ಸಂಗತಿ ‘ಹೆಚ್ಚುವರಿ ಪ್ರಭಾರ’ವಾಗಿ ಯಾರದೋ ಹೆಗಲೇರುತ್ತದೆ. ಶಾಲೆಯಲ್ಲಿ ಆ ಹೆಗಲು ಶಿಕ್ಷಕರದು. ಜೊತೆಗೆ ಮತ್ತೊಂದು ಕುಗ್ಗುವಿಕೆಯೂ ನಡೆಯಿತು. ಮಾರ್ಗದರ್ಶನವೆಂಬ ವಿಶಾಲವಾದ ಮಾತು ಕ್ರಮೇಣ ‘ಹತ್ತನೆಯ ತರಗತಿಯ ನಂತರ ಯಾವ ವಿಷಯ ತೆಗೆದುಕೊಳ್ಳಬೇಕು’ ಎಂಬ ಪ್ರಶ್ನೆಗೆ ಇಳಿಯಿತು. ವಿಜ್ಞಾನವೋ ವಾಣಿಜ್ಯವೋ ಎಂದು ತಿಳಿಸುವವರು ಅಲ್ಲಲ್ಲಿ ದೊರೆತರು. ಮನೆಯಲ್ಲಿ ದಿನವೂ ಜಗಳ ನೋಡಿ ಬಂದ ಏಳನೆಯ ತರಗತಿಯ ಹುಡುಗಿ ಯಾರ ಬಳಿ ಹೋಗಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯಿತು.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡ ಸ್ಥಳಗಳಲ್ಲಿ ಬೆಂಗಳೂರು ಮುಖ್ಯವಾದುದು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ ಸ್ಥಾಪನೆಯಾದಾಗ ಅದರ ಮೊದಲ ನಿರ್ದೇಶಕರಾದವರು ಎಂ. ವಿ. ಗೋವಿಂದಸ್ವಾಮಿ. 1974ರಲ್ಲಿ ಈ ಸಂಸ್ಥೆ ಪಕ್ಕದ ಮಾನಸಿಕ ಆಸ್ಪತ್ರೆಯೊಡನೆ ಒಂದಾಗಿ ನಿಮ್ಹಾನ್ಸ್ ಆಯಿತು. ಮನೋವೈದ್ಯರ ಸಂಖ್ಯೆ ಅತ್ಯಲ್ಪವಾದ ದೇಶದಲ್ಲಿ ಆಸ್ಪತ್ರೆಯ ಕಾವಲುಗೋಡೆಯಾಚೆಗೆ ಹೋಗದೆ ಗತಿಯಿಲ್ಲವೆಂಬುದು ಅಲ್ಲಿಯವರ ಅರಿವಾಗಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಿತು; 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದರ ಪ್ರಯೋಗ ಆರಂಭವಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಆ ಕೆಲಸವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಶಾಲೆಯ ವಿಷಯದಲ್ಲಿಯೂ ಇದೇ ತರ್ಕ: ತಜ್ಞರು ಸಾಲದಿದ್ದರೆ ಶಿಕ್ಷಕರಿಗೆ ಕಲಿಸೋಣ. ನಿಮ್ಹಾನ್ಸ್‌ನ ಮಾಲವಿಕಾ ಕಪೂರ್ ಅವರು ಈ ದಿಕ್ಕಿನಲ್ಲಿ ದೀರ್ಘಕಾಲ ದುಡಿದು 1997ರಲ್ಲಿ ಭಾರತೀಯ ಶಾಲೆಗಳ ಮಾನಸಿಕ ಆರೋಗ್ಯವನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದರು.

ಇಲ್ಲಿ ಕನ್ನಡದ ಪಾಲನ್ನು ಮರೆಯುವಂತಿಲ್ಲ. ‘ರಾಶಿ’ ಎಂದು ನಗಿಸುತ್ತಿದ್ದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೋರೋಗವನ್ನು ಕುರಿತ ಪುಸ್ತಕವೊಂದನ್ನು ಸಾಹಿತ್ಯವೆಂದು ಗೌರವಿಸಿದ ಭಾಷೆ ನಮ್ಮದು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಸಾಮಾನ್ಯ ಓದುಗರಿಗಾಗಿ ಸರಳ ಕನ್ನಡದಲ್ಲಿ ಬರೆದ ಹೊತ್ತಗೆಗಳು ತಂದೆತಾಯಿಯರ ಕೈಯನ್ನೂ ಶಿಕ್ಷಕರ ಕೈಯನ್ನೂ ತಲುಪಿದವು. ‘ಖಿನ್ನತೆ’, ‘ಆಪ್ತಸಮಾಲೋಚನೆ’ ಮೊದಲಾದ ಮಾತುಗಳನ್ನು ಇಂದು ನಾವು ಸಂಕೋಚವಿಲ್ಲದೆ ಆಡುವುದರಲ್ಲಿ ಇಂತಹ ಬರಹಗಳ ಋಣ ದೊಡ್ಡದು.

ಇದೇ ಹೊತ್ತಿಗೆ ಶಾಲೆಯ ಒಳಗಿನ ಒತ್ತಡವೂ ಚರ್ಚೆಗೆ ಬರತೊಡಗಿತ್ತು. ರಾಜ್ಯಸಭೆಗೆ ನಾಮಕರಣಗೊಂಡ ಮೈಸೂರಿನ ಆರ್. ಕೆ. ನಾರಾಯಣ್ ಅವರು ಅಲ್ಲಿ ಮಾಡಿದ ಮೊದಲ ಭಾಷಣ ಮಕ್ಕಳ ಬೆನ್ನಿನ ಪುಸ್ತಕದ ಹೊರೆಯನ್ನು ಕುರಿತದ್ದು. ಯಶಪಾಲ್ ಸಮಿತಿ 1993ರಲ್ಲಿ ಆ ಮಾತನ್ನು ಆಳವಾಗಿಸಿ, ಚೀಲದ ಭಾರಕ್ಕಿಂತ ಅರ್ಥವಾಗದೆ ಕಲಿಯಬೇಕಾದ ಭಾರ ದೊಡ್ಡದೆಂದು ಹೇಳಿತು. ಸಿಬಿಎಸ್‌ಇ ಮಂಡಳಿಯು 1998ರಿಂದ ಪರೀಕ್ಷಾ ಕಾಲದಲ್ಲಿ ದೂರವಾಣಿಯ ಮೂಲಕ ಸಮಾಲೋಚನೆಯನ್ನು ಒದಗಿಸುತ್ತಿದೆ. 1986ರಲ್ಲಿ ಲಕ್ಷ್ಮಿ ವಿಜಯಕುಮಾರ್ ಅವರು ಚೆನ್ನೈಯಲ್ಲಿ ಕಟ್ಟಿದ ‘ಸ್ನೇಹಾ’ ಸಂಸ್ಥೆಯವರು ಬೇರೊಂದು ದಾರಿಯನ್ನೂ ಹಿಡಿದರು. ಅನುತ್ತೀರ್ಣರಾದ ಮಕ್ಕಳಿಗೆ ಒಂದು ವರ್ಷ ಕಾಯಿಸದೆ ಕೂಡಲೇ ಪೂರಕ ಪರೀಕ್ಷೆ ನಡೆಸಬೇಕೆಂದು ಅವರು ಒತ್ತಾಯಿಸಿದರು. ತಮಿಳುನಾಡು ಸರ್ಕಾರ ಅದನ್ನು ಜಾರಿಗೆ ತಂದಿತು. ಇಂದು ಕರ್ನಾಟಕದಲ್ಲಿಯೂ ಎಸ್‌ಎಸ್‌ಎಲ್‌ಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ. ಮಗುವಿಗೆ ಧೈರ್ಯ ಹೇಳುವುದರ ಜೊತೆಗೆ ಅದರ ಭಯಕ್ಕೆ ಕಾರಣವಾದ ವ್ಯವಸ್ಥೆಯನ್ನೇ ಕೊಂಚ ಸಡಿಲಿಸಬಹುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಸಹಾಯವಾಣಿಯಾಗಲಿ ಪೂರಕ ಪರೀಕ್ಷೆಯಾಗಲಿ ಮಾರ್ಚ್‌ನಿಂದ ಜೂನ್‌ವರೆಗಿನ ಸಂಕಟಕ್ಕೆ ಮದ್ದು. ಮಕ್ಕಳ ದುಃಖಕ್ಕೆ ಪರೀಕ್ಷೆಯ ವೇಳಾಪಟ್ಟಿ ಇರುವುದಿಲ್ಲ.

ಇನ್ನು ಶಿಕ್ಷಕರ ಪ್ರಶ್ನೆ. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ‘ಜೀವನ ಕೌಶಲ’ಗಳನ್ನು ಪಟ್ಟಿಮಾಡಿತು. ತನ್ನನ್ನು ತಾನು ಅರಿಯುವುದು, ಪರರ ನೋವನ್ನು ಗ್ರಹಿಸುವುದು, ನಿರ್ಧಾರ ಕೈಗೊಳ್ಳುವುದು, ಉದ್ವೇಗವನ್ನು ನಿಭಾಯಿಸುವುದು ಇತ್ಯಾದಿ. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರ ನೇತೃತ್ವದಲ್ಲಿ ನಿಮ್ಹಾನ್ಸ್ ಇದನ್ನು ಪ್ರೌಢಶಾಲೆಗೆ ಒಗ್ಗುವ ಪಾಠಚಟುವಟಿಕೆಗಳಾಗಿ ರೂಪಿಸಿ, ಶಿಕ್ಷಕರಿಗೆ ತರಬೇತಿ ನೀಡಿ ನಡೆಸಿತು. 2010ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷ ಈ ಪಾಠ ಪಡೆದ 605 ಮಕ್ಕಳನ್ನು, ಪಡೆಯದ 423 ಮಕ್ಕಳೊಂದಿಗೆ ಹೋಲಿಸಲಾಗಿತ್ತು. ಪಾಠ ಪಡೆದವರ ಆತ್ಮಗೌರವ ಹೆಚ್ಚಿತ್ತು; ಶಾಲೆಯೊಡನೆ, ಶಿಕ್ಷಕರೊಡನೆ ಹೊಂದಾಣಿಕೆ ಉತ್ತಮವಾಗಿತ್ತು. ಆದರೆ ಮಾನಸಿಕ ತೊಂದರೆಗಳ ಪ್ರಮಾಣದಲ್ಲಿಯೂ ಮನೆ ಮತ್ತು ಗೆಳೆಯರೊಂದಿಗಿನ ಹೊಂದಾಣಿಕೆಯಲ್ಲಿಯೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಅವರು ಈ ಮಿತಿಯನ್ನು ಮುಚ್ಚಿಡದೆ ದಾಖಲಿಸಿದರು.

ಎಂಟು ವರ್ಷಗಳ ತರುವಾಯ ಬಿಹಾರದಿಂದ ಬಂದ ಉತ್ತರ ಇನ್ನೂ ಖಚಿತವಾಗಿತ್ತು. ಗೋವಾದ ‘ಸಂಗಾತ್’ ಸಂಸ್ಥೆ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹೆರ್’ ಎಂಬ ಕಾರ್ಯಕ್ರಮವನ್ನು ಪರೀಕ್ಷೆಗೆ ಒಡ್ಡಿತು. ಬೆಳಗಿನ ಪ್ರಾರ್ಥನಾ ಸಭೆಯಲ್ಲಿ ಚರ್ಚೆ, ಗೋಡೆ ಪತ್ರಿಕೆ, ಹೆಸರು ಬರೆಯದೆಯೂ ಚೀಟಿ ಹಾಕಬಹುದಾದ ಪೆಟ್ಟಿಗೆ, ಬೇಕಾದವರಿಗೆ ಒಬ್ಬೊಬ್ಬರಾಗಿ ಸಮಾಲೋಚನೆ, ಚಟುವಟಿಕೆಗಳು ಇಷ್ಟೇ. ಕೆಲವು ಶಾಲೆಗಳಲ್ಲಿ ಅದನ್ನು ನಡೆಸಿದವರು ಅಲ್ಲಿಯ ಶಿಕ್ಷಕರು. ಇನ್ನು ಕೆಲವು ಶಾಲೆಗಳಲ್ಲಿ ಅದೇ ಕೆಲಸಕ್ಕೆಂದು ನೇಮಿಸಿದ, ವೈದ್ಯರೂ ಅಲ್ಲದ ಶಿಕ್ಷಕರೂ ಅಲ್ಲದ, ಅಲ್ಪಾವಧಿಯ ತರಬೇತಿ ಪಡೆದ ‘ಮಿತ್ರ’ರು. ಮೂರನೆಯ ಗುಂಪಿನಲ್ಲಿ ಈ ಕಾರ್ಯಕ್ರಮವಿರಲಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳನ್ನು ಗಮನಿಸಿದ ಈ ಅಧ್ಯಯನ 2018ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ‘ಮಿತ್ರ’ರಿದ್ದ ಶಾಲೆಗಳಲ್ಲಿ ಮಕ್ಕಳ ಪಾಲಿಗೆ ಶಾಲೆಯ ವಾತಾವರಣವೇ ಬದಲಾಯಿತು, ಖಿನ್ನತೆ, ಪೀಡಿಸುವಿಕೆ, ಹಿಂಸೆ ತಗ್ಗಿದವು. ಶಿಕ್ಷಕರೇ ನಡೆಸಿದ ಶಾಲೆಗಳಿಗೂ ಕಾರ್ಯಕ್ರಮವಿಲ್ಲದ ಶಾಲೆಗಳಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ.

ಇದನ್ನು ಶಿಕ್ಷಕರ ಮೇಲಿನ ದೂರೆಂದು ಓದುವುದು ಅನ್ಯಾಯ. ಜನಗಣತಿ, ಚುನಾವಣೆ, ಬಿಸಿಯೂಟ, ಅಂಕಪಟ್ಟಿಗಳ ನಡುವೆ ಸಮಯ ಹೊಂದಿಸುವವರಿಗೆ ಇನ್ನೊಂದು ಹೊಣೆಯನ್ನು ಸೇರಿಸಿದರೆ ಅದು ವಹಿಯಲ್ಲಿ ಮಾತ್ರ ನಡೆಯುತ್ತದೆ. ಅದಕ್ಕಿಂತ ಆಳವಾದ ಕಾರಣವೊಂದಿದೆಯೆಂದು ನಮಗೆ ತೋರುತ್ತದೆ. ಶಿಕ್ಷಕರು ಎಷ್ಟೇ ಮಮತೆಯವರಾದರೂ ಮಗುವಿನ ದೃಷ್ಟಿಯಲ್ಲಿ ಅಂಕ ಹಾಕುವವರು, ಪೋಷಕರ ಸಭೆಯಲ್ಲಿ ಅಪ್ಪನೊಡನೆ ಮಾತಾಡುವವರು. ಬೆತ್ತವೂ ಅವರ ಕೈಯಲ್ಲೇ ಇದ್ದ ಕಾಲ ಬಹಳ ಹಿಂದಿನದಲ್ಲ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ದೇಶಾದ್ಯಂತ ನಿಷೇಧಿಸಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ. ತೀರ್ಪು ಕೊಡುವವರ ಮುಂದೆ ಮನಸ್ಸು ಬಿಚ್ಚುವುದು ದೊಡ್ಡವರಿಗೂ ಸುಲಭವಲ್ಲ. ಬೆಂಗಳೂರಿನ ಅಧ್ಯಯನವನ್ನೂ ನಳಂದಾದ ಅಧ್ಯಯನವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಕೆಲಸದ ಹಂಚಿಕೆ ತಾನಾಗಿ ಕಾಣುತ್ತದೆ: ಎಲ್ಲ ಮಕ್ಕಳಿಗೂ ಬೇಕಾದ ಜೀವನ ಕೌಶಲವನ್ನು ಶಿಕ್ಷಕರು ಕಲಿಸಬಲ್ಲರು, ನೊಂದ ಮಗುವಿನ ಮಾತನ್ನು ಕೇಳಲು ಬೇರೊಬ್ಬರೇ ಬೇಕು. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17ರ ವಯಸ್ಸಿನವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ತೊಂದರೆಯಿರುವುದನ್ನು ಗುರುತಿಸಿತ್ತು. ಸರಾಸರಿಯ ಲೆಕ್ಕದಲ್ಲಿ, ನಲವತ್ತು ಮಕ್ಕಳ ತರಗತಿಯಲ್ಲಿ ಮೂವರು.

ಇಷ್ಟು ತಿಳಿದ ಮೇಲೂ ಈಚಿನ ವರ್ಷಗಳ ಯೋಜನೆಗಳು ಎರಡು ಹಳೆಯ ಜಾಡುಗಳಲ್ಲೇ ಹೆಚ್ಚಾಗಿ ಸಾಗಿವೆ. 2020ರ ಫೆಬ್ರವರಿಯಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ‘ಆರೋಗ್ಯ ರಾಯಭಾರಿ’ಗಳನ್ನಾಗಿಸಿತು, ಇದು ಹೆಚ್ಚುವರಿ ಪ್ರಭಾರದ ಜಾಡು. ಅದೇ ವರ್ಷದ ಜುಲೈಯಲ್ಲಿ ಬಂದ ‘ಮನೋದರ್ಪಣ’, 2022ರ ಅಕ್ಟೋಬರ್ 10ರಂದು ಬಂದ ‘ಟೆಲಿ ಮಾನಸ್’ ದೂರವಾಣಿಯ ಜಾಡಿನವು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಕನ್ನಡವೂ ಸೇರಿದಂತೆ ಇಪ್ಪತ್ತು ಭಾಷೆಗಳಲ್ಲಿ ಉತ್ತರ ದೊರೆಯುವಂತಾದದ್ದು ಸಣ್ಣ ಸಾಧನೆಯಲ್ಲ. ಇದನ್ನು ಓದುವ ಪ್ರತಿ ಮನೆಯಲ್ಲಿಯೂ ಆ ಸಂಖ್ಯೆ ಗೋಡೆಯ ಮೇಲಿರಲಿ. ಆದರೆ ಸ್ವಂತ ಫೋನಿಲ್ಲದ, ಒಂದೇ ಕೋಣೆಯ ಮನೆಯ ಹನ್ನೆರಡು ವರ್ಷದ ಮಗು ಆ ಕರೆಯನ್ನು ಎಲ್ಲಿಂದ ಮಾಡಬೇಕು? ಅದಕ್ಕೆ ಸಿಗುವ ಖಾಸಗಿ ಸ್ಥಳವೆಂದರೆ ಶಾಲೆಯ ಒಂದು ಕೋಣೆ, ತೆರೆದ ಬಾಗಿಲು, ಒಳಗೆ ಕುಳಿತ ಒಬ್ಬ ಮನುಷ್ಯ.

ಹೊರನಾಡಿನಲ್ಲಿರುವ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ವರ್ಗಾವಣೆಯಾಗುವ ಕೇಂದ್ರ ನೌಕರರ ಮಕ್ಕಳಿಗಾಗಿಯೇ 1963ರಲ್ಲಿ ಕೇಂದ್ರೀಯ ವಿದ್ಯಾಲಯಗಳು ಆರಂಭವಾದವು. ಪಠ್ಯ ಎಲ್ಲೆಡೆ ಒಂದೇ ಇರುವಂತೆ ಅವು ನೋಡಿಕೊಂಡವು. ಆದರೆ ಹುಬ್ಬಳ್ಳಿಯಿಂದ ಪುಣೆಗೆ, ಪುಣೆಯಿಂದ ದೆಹಲಿಗೆ ಹೋಗುವ ಮಗು ಪ್ರತಿ ಸಲ ಕಳೆದುಕೊಳ್ಳುವುದು ಪಠ್ಯವನ್ನಲ್ಲ, ಪಕ್ಕದ ಬೆಂಚಿನ ಗೆಳೆಯನನ್ನು, ಆಟದ ಭಾಷೆಯನ್ನು. ಹೊಸ ಶಾಲೆಯಲ್ಲಿ ಮೂರು ತಿಂಗಳು ಮಾತಾಡದ ಮಗುವನ್ನು ‘ಶಾಂತ ಸ್ವಭಾವದವನು’ ಎಂದು ವರದಿಪುಸ್ತಕ ಹೊಗಳುತ್ತದೆ. ಅಂಕ ಕೆಡದಿದ್ದರೆ ನಾವೂ ಅದನ್ನು ನಂಬುತ್ತೇವೆ. ಗುತ್ತಿಗೆ ಕೆಲಸಕ್ಕೆಂದು ಕಲ್ಯಾಣ ಕರ್ನಾಟಕದಿಂದ ಮುಂಬಯಿಗೂ ಪುಣೆಗೂ ಹೈದರಾಬಾದಿಗೂ ಬರುವ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಆ ವರದಿಪುಸ್ತಕವೂ ಇಲ್ಲ. ಸಮಾಲೋಚಕರೊಬ್ಬರು ಶಾಲೆಗೆ ಬಂದರೂ ಅಳುವ ಮಗುವಿನ ಭಾಷೆ ಅವರಿಗೆ ತಿಳಿಯದಿದ್ದರೆ ಅರ್ಧ ಕೆಲಸ ಅಲ್ಲಿಗೇ ನಿಲ್ಲುತ್ತದೆ. ರಾತ್ರಿಶಾಲೆಯ ಮೇಷ್ಟ್ರು ಅರಿತಿದ್ದ ಸಂಗತಿ ಇದು. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೂ ನಾಟಕಕ್ಕೂ ಜನರನ್ನು ಕೂಡಿಸಬಲ್ಲವು. ತಮ್ಮ ಊರಿನಲ್ಲಿ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರೂ ಸಮಾಜಕಾರ್ಯಕರ್ತರೂ ಯಾರಿದ್ದಾರೆಂಬ ಒಂದು ಪಟ್ಟಿಯನ್ನು ಸಿದ್ಧಪಡಿಸಿ ಶಾಲೆಗಳಿಗೆ ತಲುಪಿಸುವುದು ಅವುಗಳ ಶಕ್ತಿಗೆ ಮೀರಿದ್ದಲ್ಲ.

1966ರಲ್ಲಿ ಹತ್ತು ಶಾಲೆಗಳಿಗೆ ಒಬ್ಬರನ್ನು ಕೇಳಿದ್ದೆವು. 2025ರಲ್ಲಿ ನೂರು ಮಕ್ಕಳಿರುವ ಪ್ರತಿ ಸಂಸ್ಥೆಗೂ ಒಬ್ಬರು ಇರಲೇಬೇಕೆಂದು ಅತ್ಯುನ್ನತ ನ್ಯಾಯಾಲಯ ಹೇಳಿದೆ. ಈ ಆದೇಶ ಕಡತದಲ್ಲಿ ಉಳಿಯುವುದೋ ಹುದ್ದೆಯಾಗುವುದೋ ಎಂಬುದು ದೆಹಲಿಯಲ್ಲಿ ಮಾತ್ರ ತೀರ್ಮಾನವಾಗುವ ಸಂಗತಿಯಲ್ಲ. ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ನಾವು ನಾಲ್ಕು ಪ್ರಶ್ನೆಗಳನ್ನು ಕೇಳಬಹುದು: ಈ ಶಾಲೆಯ ಆಪ್ತಸಮಾಲೋಚಕರು ಯಾರು? ಅವರು ಪಾಠವನ್ನೂ ಮಾಡಿ ಅಂಕವನ್ನೂ ಹಾಕುವವರೇ? ವಾರದಲ್ಲಿ ಎಷ್ಟು ದಿನ ಇರುತ್ತಾರೆ? ಅವರು ಕೂರುವ ಕೋಣೆ ಎಲ್ಲಿದೆಯೆಂಬುದು ನಮ್ಮ ಮಗುವಿಗೆ ಗೊತ್ತೇ?